ಮನಶ್ಶಾಂತಿ, ದೇವರ ಮೇಲಿನ ಪ್ರೀತಿ: ನಮ್ಮ ಜಗಲಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಪ್ರತಿ ಸೋಮವಾರ ಸಂಜೆ ನಮ್ಮ ಜಗಲಿಯಲ್ಲಿ ಏಳೆಂಟು ಜನ ಸೇರುತ್ತೇವೆ. ಎರಡು ಭಜನೆ, ಒಂದಿಷ್ಟು ಜಪ, ಆಮೇಲೆ ಅರ್ಧ ಗಂಟೆ ಸುಮ್ನೆ ಕೂರುವುದು. ಕೊನೆಗೆ ಬೆಲ್ಲದ ಕಾಫಿ. ಪ್ರಶ್ನೆಗಳು ಹೊರಗೆ ಬರುವುದು ಆ ಕಾಫಿ ಹೊತ್ತಿನಲ್ಲೇ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆ, ನನ್ನ ಅವೇ ಉತ್ತರ. ಹಾಗಾಗಿ ಬರೆದಿಡುತ್ತಿದ್ದೇನೆ. ನಾನು ಗುರುವಲ್ಲ, ಶಾಸ್ತ್ರ ಓದಿದವಳೂ ಅಲ್ಲ. ದಿನಾ ಕೂರುವವಳು, ಅಷ್ಟೆ.

ಅಕ್ಕ, ಮನಶ್ಶಾಂತಿ ಅಂದರೆ ಯೋಚನೆಯೇ ಬರಬಾರದಾ?

ಬರುತ್ತವೆ. ನನಗೂ ಬರುತ್ತವೆ. ಇವತ್ತು ಬೆಳಿಗ್ಗೆ ಕೂತಾಗ ಮೊದಲು ಬಂದದ್ದು ಗ್ಯಾಸ್ ಸಿಲಿಂಡರ್, ಆಮೇಲೆ ಮೆಣಸಿನ ಬಳ್ಳಿಗೆ ಹತ್ತಿದ ರೋಗ, ಆಮೇಲೆ ಮೂವತ್ತು ವರ್ಷದ ಹಿಂದೆ ನಾದಿನಿ ಆಡಿದ ಒಂದು ಮಾತು. ಯೋಚನೆ ನಿಂತರೆ ಶಾಂತಿ ಅಂತ ಲೆಕ್ಕ ಹಾಕಿಕೊಂಡರೆ ಯಾರೂ ಪಾಸಾಗಲ್ಲ. ಯೋಚನೆ ಬಂತು, ಅದರ ಹಿಂದೆ ಎದ್ದು ಹೋಗಲಿಲ್ಲ, ಅಥವಾ ಹೋದವಳು ನೆನಪಾದ ಕೂಡಲೇ ವಾಪಸ್ ಬಂದೆ. ನನಗೆ ಗೊತ್ತಿರುವ ಶಾಂತಿ ಇಷ್ಟು.

ಶಾಂತಿ ಬೇಕು ಅಂತ ಬಂದೆ. ನೀವು ದೇವರ ಮೇಲೆ ಪ್ರೀತಿ ಅಂತೀರಿ. ಎರಡಕ್ಕೂ ಏನು ಸಂಬಂಧ?

ಇದಕ್ಕೆ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ನಾನೇ ಇಲ್ಲಿ ಎಡವಿದವಳು.

ಶುರುವಿನ ನಾಲ್ಕೈದು ವರ್ಷ ನಾನೂ ಶಾಂತಿಗೋಸ್ಕರವೇ ಕೂತೆ. ಕೂತು ಐದು ನಿಮಿಷಕ್ಕೆ ಒಳಗೇ ಕೇಳಿಕೊಳ್ಳುತ್ತಿದ್ದೆ: ಬಂತಾ? ಅನ್ನಕ್ಕಿಟ್ಟು ನಿಮಿಷಕ್ಕೊಂದು ಸಲ ಮುಚ್ಚಳ ತೆಗೆದು ನೋಡಿದ ಹಾಗೆ. ಹಬೆ ಎಲ್ಲ ಹೋಗುತ್ತಿತ್ತು, ಅಕ್ಕಿ ಹಾಗೇ ಇರುತ್ತಿತ್ತು. ಯಾರೋ ಹೇಳಿದರು ಅಂತ ದುಡ್ಡು ಕಟ್ಟಿ ಒಂದು ಮೂರು ದಿನದ ಶಿಬಿರಕ್ಕೂ ಹೋದೆ. ಊರು, ಹೆಸರು ಬೇಡ. ಅಲ್ಲಿ ಮೈಕಿನಲ್ಲಿ ಜೋರಾಗಿ, ‘ಈಗ ನಿಮಗೆ ಶಾಂತಿ ಅನುಭವಕ್ಕೆ ಬರುತ್ತಿದೆ’ ಎನ್ನುತ್ತಿದ್ದರು. ನನಗೆ ಅನುಭವಕ್ಕೆ ಬಂದದ್ದು ಮಂಡಿನೋವು. ವಾಪಸ್ ಬಂದ ಮೇಲೆ, ದುಡ್ಡು ಹೋಯ್ತಲ್ಲ ಅಂತ ಇನ್ನೂ ಒಂದು ಚಿಂತೆ ಸೇರಿಕೊಂಡಿತು.

ಅದೇ ವರ್ಷ ಮಳೆಗಾಲದಲ್ಲಿ ನಮ್ಮತ್ತೆಯನ್ನು ಸರಿಯಾಗಿ ನೋಡಿದೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅಲ್ಲಿಯವರೆಗೆ ನೋಡಿರಲಿಲ್ಲ ಅನ್ನಬೇಕು. ಅವರಿಗೆ ಆಗ ಎಂಬತ್ತು ದಾಟಿತ್ತು. ಸಂಜೆ ಕೈಕಾಲು ತೊಳೆದು ಬಂದು ದೇವರ ಗೂಡಿನ ಮುಂದೆ ಕೂರುತ್ತಿದ್ದರು. ಹಳೇ ಬತ್ತಿಯ ಕರಿ ಕುಡಿ ಚಿವುಟಿ, ಎಣ್ಣೆ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, ಹೊಸ ಬತ್ತಿ ಹೊಸೆಯುತ್ತಿದ್ದರು. ತೇವಕ್ಕೆ ಬೆಂಕಿಕಡ್ಡಿ ಹತ್ತುತ್ತಿರಲಿಲ್ಲ. ಒಂದು, ಎರಡು, ನಾಲ್ಕು. ಬೈಯುತ್ತಿರಲಿಲ್ಲ. ‘ತಡಿ ತಂದೆ, ಹಚ್ತೀನಿ, ಕತ್ತಲಲ್ಲಿ ಕೂರಿಸಲ್ಲ ನಿನ್ನ’ ಅಂತ ಮೆಲ್ಲಗೆ ಹೇಳುತ್ತಿದ್ದರು. ಶಾಲೆಯಿಂದ ಬಂದ ಹಸಿದ ಮಗುವಿಗೆ ಹೇಳುವ ಹಾಗೆ. ದೀಪ ಹತ್ತಿದ ಮೇಲೆ ಅವರ ಮುಖ ನೋಡಬೇಕಿತ್ತು. ಅವರು ಶಾಂತಿ ಅನ್ನುವ ಮಾತನ್ನೇ ಆಡಿದವರಲ್ಲ. ದೇವರು ಕತ್ತಲಲ್ಲಿ ಇರಬಾರದು ಅನ್ನುವುದೊಂದೇ ಅವರ ಚಿಂತೆ.

ಅವತ್ತಿನಿಂದ ಲೆಕ್ಕ ತಿರುಗಿತು. ನನಗೇನು ಸಿಕ್ಕಿತು ಅಂತ ನೋಡಿಕೊಳ್ಳುತ್ತಾ ಕೂತಷ್ಟು ಹೊತ್ತು ಮನಸ್ಸು ನನ್ನ ಸುತ್ತಲೇ ಸುತ್ತುತ್ತದೆ. ನನ್ನ ಮನಸ್ಸು ನೆಮ್ಮದಿಯಾಗಿಲ್ಲದೆ ಇರುವುದಕ್ಕೆ ಮೊದಲ ಕಾರಣವೂ ಅದೇ ಅಲ್ವಾ? ಇನ್ನೊಬ್ಬರ ಮೇಲೆ ಅಕ್ಕರೆ ಇಟ್ಟು ಕೂತಾಗ ಆ ಸುತ್ತಾಟ ತಾನಾಗಿ ಕಮ್ಮಿಯಾಗುತ್ತದೆ. ಶಾಂತಿ ಯಾವಾಗ ಬಂತು ಅಂತ ಗೊತ್ತೇ ಆಗಲ್ಲ, ಆಮೇಲೆ ಪಾತ್ರೆ ತೊಳೆಯುವಾಗ ಗೊತ್ತಾಗುತ್ತದೆ.

ದೇವರನ್ನು ಪ್ರೀತಿಸುವುದು ಅಂದರೇನು? ನನಗೆ ಭಯ ಇದೆ, ಪ್ರೀತಿ ಇಲ್ಲ.

ಹರಕೆ, ದೋಷ, ಪರಿಹಾರ ಅಂತಲೇ ಬೆಳೆದವರಿಗೆ ಭಯವೇ ಮೊದಲು ಬರುತ್ತದೆ. ಪರವಾಗಿಲ್ಲ. ಭಾಗವತದಲ್ಲಿ ಪ್ರಹ್ಲಾದ ಅಪ್ಪನಿಗೆ ಹೇಳುವ ಒಂಬತ್ತು ಬಗೆಯ ಭಕ್ತಿಯ ಪಟ್ಟಿ ಇದೆ: ಕೇಳುವುದು, ಹಾಡುವುದು, ನೆನೆಯುವುದು, ಪಾದಸೇವೆ, ಪೂಜೆ, ನಮಸ್ಕಾರ, ಆಳಾಗಿರುವುದು, ಗೆಳೆಯನಾಗಿರುವುದು, ಕೊನೆಗೆ ತನ್ನನ್ನೇ ಒಪ್ಪಿಸಿಬಿಡುವುದು. ಅದರಲ್ಲಿ ಭಯ ಪಡುವುದು ಅಂತ ಎಲ್ಲೂ ಇಲ್ಲ ನೋಡಿ. ಕೇಳುವುದು ಮೊದಲು, ಗೆಳೆತನ ಎಂಟನೆಯದು. ಒಂದೇ ದಿನಕ್ಕೆ ಎಂಟಕ್ಕೆ ಹಾರಬೇಕಾಗಿಲ್ಲ.

ಯಾವ ನಂಟು ನಿಮಗೆ ಸುಲಭವೋ ಅದನ್ನೇ ಹಿಡಿಯಿರಿ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡ ಅಂದಳು. ನಮ್ಮ ಜಿಲ್ಲೆಯಲ್ಲಿ ಕಾವೇರಿಯನ್ನು ಯಾರೂ ಬರೀ ನದಿ ಅನ್ನಲ್ಲ, ಅವಳು ಕಾವೇರಮ್ಮೆ. ತುಲಾ ಸಂಕ್ರಮಣದ ಹೊತ್ತಿಗೆ ಕೊಡವರ ಮನೆಗಳಲ್ಲಿ ಕಣಿ ಪೂಜೆಗೆ ತೆಂಗಿನಕಾಯನ್ನೋ ಸೌತೆಕಾಯನ್ನೋ ಇಟ್ಟು, ಬಟ್ಟೆ ಉಡಿಸಿ, ಮನೆ ಹೆಣ್ಣುಮಗಳ ಒಡವೆಯನ್ನೇ ಹಾಕುತ್ತಾರೆ. ಒಡವೆ ಬಿಚ್ಚಿ ಹಾಕುವವರಿಗೆ ಭಯ ಎಲ್ಲಿ ಬಂತು?

ಎಲ್ಲಿಂದ ಶುರು ಮಾಡಲಿ? ಒಂದು ಕ್ರಮ ಹೇಳಿ.

ಹದಿನೈದು ನಿಮಿಷ. ಒಂದೇ ಜಾಗ, ಒಂದೇ ಹೊತ್ತು. ದೀಪ ಹಚ್ಚಿ. ಬೆನ್ನು ನೆಟ್ಟಗಿರಲಿ, ನೆಲ ಆಗದಿದ್ದರೆ ಕುರ್ಚಿ. ಮೊದಲು ಒಂದೆರಡು ನಿಮಿಷ ಉಸಿರು. ಬಿಡುವ ಉಸಿರು ಎಳೆಯುವ ಉಸಿರಿಗಿಂತ ಉದ್ದ ಇರಲಿ. ಉಸಿರು ನಿಧಾನವಾಗಿ ಬಿಡುವಾಗ ಎದೆಬಡಿತವೂ ನಿಧಾನವಾಗುತ್ತದೆ. ಇದು ದೇಹದ ಕೆಲಸ, ದೇವರನ್ನು ನಂಬದವರಿಗೂ ಆಗುತ್ತದೆ. ಆಮೇಲೆ ನಿಮಗೆ ಇಷ್ಟವಾದ ಹೆಸರನ್ನು ಜಪ ಮಾಡಿ. ಕೊನೆಗೆ ಐದು ನಿಮಿಷ ಏನೂ ಮಾಡಬೇಡಿ.

ಜನ ಹಾಳು ಮಾಡಿಕೊಳ್ಳುವುದು ಈ ಕೊನೆಯ ಐದು ನಿಮಿಷವನ್ನೇ. ಜಪ ಮುಗಿದ ಕೂಡಲೇ ಪಟ್ಟನೆ ಎದ್ದು ಮೊಬೈಲ್ ಹಿಡಿಯುತ್ತಾರೆ. ನೆಂಟರ ಮನೆಗೆ ಹೋಗಿ ಬಾಗಿಲಲ್ಲೇ ಕ್ಷೇಮ ಕೇಳಿ ಓಡಿ ಬಂದ ಹಾಗೆ.

108 ಸಲ ಮಾಡಲೇಬೇಕಾ? ಜಪಮಾಲೆ ಇಲ್ಲದಿದ್ದರೆ?

108 ಮಣಿ, ಮೇಲೊಂದು ಮೇರುಮಣಿ. ಮೇರು ದಾಟಬಾರದು, ಅಲ್ಲಿಂದ ತಿರುಗಿಸಿಕೊಳ್ಳಬೇಕು ಅನ್ನುವುದು ರೂಢಿ. ‘ಓಂ ನಮಃ ಶಿವಾಯ’ಕ್ಕೆ ಮೂರು ಸೆಕೆಂಡ್ ಅಂತ ಹಿಡಿದರೂ ಒಂದು ಸುತ್ತಿಗೆ ಐದೂವರೆ ನಿಮಿಷ ಸಾಕು. ಮಾಲೆ ಇಲ್ಲದಿದ್ದರೆ ಬೆರಳ ಗೆಣ್ಣು ಎಣಿಸಿ. ಜೋರಾಗಿ ಹೇಳಬಹುದು, ತುಟಿಯಲ್ಲೇ ಹೇಳಬಹುದು, ಮನಸ್ಸಿನಲ್ಲೇ ಹೇಳಬಹುದು. ಹೊಸಬರು ಮನಸ್ಸಿನಲ್ಲಿ ಹೇಳಿದರೆ ಹತ್ತನೆಯದಕ್ಕೆ ಕಳೆದುಹೋಗುತ್ತಾರೆ, ಹಾಗಾಗಿ ತುಟಿ ಅಲ್ಲಾಡಲಿ.

ಕಣ್ಣು ಮುಚ್ಚಲೇಬೇಕಾ?

ಬೇಡ. ಇಷ್ಟಲಿಂಗ ಪೂಜೆಯಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ತೆರೆದೇ ನೋಡುತ್ತಾರೆ. ನಮ್ಮ ಮನೆ ಪದ್ಧತಿಯೂ ಅದೇ. ದೀಪದ ಕುಡಿಯನ್ನೂ ನೋಡಬಹುದು. ಮುಚ್ಚಿದರೆ ನಿದ್ದೆ, ತೆರೆದರೆ ಗೋಡೆ ಮೇಲಿನ ಜೇಡರಬಲೆ, ಎರಡಕ್ಕೂ ಅದರದ್ದೇ ತೊಂದರೆ ಇದೆ.

ಕೂತ ಕೂಡಲೇ ತೂಕಡಿಕೆ ಬರುತ್ತೆ.

ನಿಮಗೆ ನಿದ್ದೆ ಸಾಲುತ್ತಿಲ್ಲ. ಮೊದಲು ಮಲಗಿ.

ಕುಯ್ಲಿನ ಕಾಲದಲ್ಲಿ ಟೈಮ್ ಎಲ್ಲಿದೆ ಅಕ್ಕ?

ನಿಜ. ನವೆಂಬರ್‌ನಲ್ಲಿ ಅರೇಬಿಕಾ ಕೈಗೆ ಬಂದರೆ, ರೋಬಸ್ಟಾ ಮುಗಿಯುವಷ್ಟರಲ್ಲಿ ಫೆಬ್ರವರಿ ದಾಟುತ್ತದೆ. ಆಳುಗಳನ್ನು ಕರೆತರುವುದು, ಸಂಜೆ ತೂಕ, ಕಣದಲ್ಲಿ ಒಣಗಿಸುವುದು, ರಾತ್ರಿ ಇಬ್ಬನಿಗೆ ಟಾರ್ಪಾಲ್ ಹೊದಿಸುವುದು. ಆ ಮೂರು ನಾಲ್ಕು ತಿಂಗಳು ನನ್ನ ಕೂರುವ ಹೊತ್ತೂ ಐದೇ ನಿಮಿಷಕ್ಕೆ ಇಳಿಯುತ್ತದೆ.

ಅದಕ್ಕೆ ನಾನು ಕಂಡುಕೊಂಡದ್ದು ಕಣ. ಹಣ್ಣು ಒಣಗುವಾಗ ಆಗಾಗ ಗೋರಿ ತಿರುವಬೇಕಲ್ಲ. ಕಣದ ಈ ತುದಿಯಿಂದ ಆ ತುದಿಗೆ ಗೋರಿ ಎಳೆಯುತ್ತಾ ಹೋದರೆ ಹದಿನಾಲ್ಕು ಹೆಜ್ಜೆ. ಹೆಜ್ಜೆಗೊಂದು ನಾಮ. ಕಾಳು ಸರಸರ ಅನ್ನುವ ಸದ್ದೇ ತಾಳ. ಮೊದಲ ದಿನ ನನಗೇ ನಗು ಬಂತು. ಈಗ ಕುಯ್ಲು ಮುಗಿದಾಗ ಕಣ ಖಾಲಿಯಾಯ್ತಲ್ಲ ಅನಿಸುತ್ತದೆ. ತೋಟದ ಆಳುಗಳ ಲೈನ್ ಮನೆಯಿಂದ ಕುಯ್ಲಿಗೆ ಬರುವ ಒಬ್ಬಾಕೆ ಗಿಡಕ್ಕೊಂದು ಸಲ ‘ಮಾದಪ್ಪ’ ಅನ್ನುತ್ತಾಳೆ. ಅವಳು ನಮ್ಮ ಜಗಲಿಗೆ ಬಂದವಳಲ್ಲ, ಬರಬೇಕಾದ ಅಗತ್ಯವೂ ಇಲ್ಲ.

ನಾವು ಪಂದಿಕರಿ ತಿನ್ನುವವರು, ಹಬ್ಬಕ್ಕೆ ಒಂದು ಗ್ಲಾಸ್ ತಗೊಳ್ಳುವವರು. ನಮಗೆ ಧ್ಯಾನ ಆಗುತ್ತದಾ?

ಕೊಡಗಿನಲ್ಲಿ ಈ ಪ್ರಶ್ನೆ ಬರದ ವಾರ ಇಲ್ಲ. ಕೇಳುವಾಗ ಒಂದು ಸಣ್ಣ ಅಳುಕು ಇರುತ್ತದೆ, ಯಾರೋ ಎಲ್ಲೋ ಅವರನ್ನು ಚುಚ್ಚಿರುತ್ತಾರೆ. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡಿ ಪಂದಿಕರಿ, ಅಂದರೆ ಹಂದಿ ಸಾರು, ಕಡುಬು ಉಣ್ಣುವ ಮನೆಯಲ್ಲೇ ದಿನಾ ಸಂಜೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ತೂಗುದೀಪ ಹಚ್ಚುತ್ತಾರೆ. ಆ ದೀಪ ಯಾರ ಊಟವನ್ನೂ ಕೇಳಿಲ್ಲ. ನಮ್ಮ ಮನೆಯಲ್ಲಿ ಮಾಂಸ ಇಲ್ಲ, ಅದು ನಮ್ಮ ರೂಢಿ. ಹಾಗಂತ ನನಗೆ ನಾದಿನಿ ಮೇಲಿನ ಸಿಟ್ಟು ಮೂವತ್ತು ವರ್ಷವಾದರೂ ಹೋಗಿಲ್ಲವಲ್ಲ.

ಕುಡಿದು ಕೂರಬೇಡಿ. ಹೊಟ್ಟೆ ಬಿರಿಯ ಉಂಡ ಕೂಡಲೇ ಕೂರಬೇಡಿ. ಸೊಪ್ಪುಸಾರು ಉಂಡವರಿಗೂ ಇದೇ ಮಾತು. ಕುಡಿತ ದಿನದ ಚಟವೇ ಆಗಿಬಿಟ್ಟಿದ್ದರೆ ಮಾತ್ರ ಬೇರೆ. ಅದಕ್ಕೆ ಜಪದ ಜೊತೆ ಡಾಕ್ಟರೂ ಬೇಕು.

ನಮ್ಮಲ್ಲಿ ಗುರು ಕಾರೋಣನೇ ದೊಡ್ಡವನು. ಹಿರಿಯರಿಗೆ ಎಡೆ ಇಡುವುದು ಭಕ್ತಿಯಾಗುತ್ತದಾ?

ಯಾಕಾಗಬಾರದು? ಮನೆತನದ ಮೂಲಪುರುಷನನ್ನು ಗುರು ಅಂತ ಕರೆದು, ಐನ್‌ಮನೆ ಅನ್ನುವ ಮನೆತನದ ಮೂಲಮನೆ ಹತ್ತಿರ ಅವನಿಗೊಂದು ಪುಟ್ಟ ಗುಡಿ, ಕೈಮಡ, ಕಟ್ಟಿ, ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಮೊದಲು ಅವನ ಮುಂದೆ ನಿಲ್ಲುವ ಜನ ನೀವು. ಅದು ತುಂಬಾ ಒಳ್ಳೆಯ ಅಡಿಪಾಯ. ಕಂಡ ಅಜ್ಜನನ್ನು ನೆನೆಯಲು ಬಂದವರಿಗೆ ಕಾಣದ ದೇವರನ್ನು ನೆನೆಯುವುದು ಕಷ್ಟವಾಗಲ್ಲ. ವರ್ಷಕ್ಕೊಮ್ಮೆ ಎಡೆ ಇಟ್ಟು ಮುಗಿಸುವ ಬದಲು ದಿನಾ ಎರಡು ನಿಮಿಷ ಆ ದೀಪದ ಮುಂದೆ ಕೂತು ನೋಡಿ.

ತಲಕಾವೇರಿಗೆ ಹೋಗಲೇಬೇಕಾ? ಎಲ್ಲಿ ಕೂತರೆ ಒಳ್ಳೆಯದು?

ತೀರ್ಥೋದ್ಭವದ ದಿನ, ಅಂದರೆ ಅಕ್ಟೋಬರ್ 17ರ ಆಸುಪಾಸು, ಹೋದರೆ ಜನಜಂಗುಳಿ ನೋಡಬಹುದು. ಅದಕ್ಕೂ ಒಂದು ಸೊಗಸಿದೆ, ಕುಂಡಿಕೆಯಲ್ಲಿ ನೀರು ಉಕ್ಕುವ ಗಳಿಗೆಗೆ ಸಾವಿರಾರು ಜನ ಒಟ್ಟಿಗೆ ಕೂಗುವಾಗ ಮೈ ಜುಮ್ಮೆನ್ನುತ್ತದೆ. ಸುಮ್ನೆ ಕೂರಬೇಕು ಅಂದರೆ ಬೇರೆ ದಿನ ಹೋಗಿ. ನನಗೆ ಇಷ್ಟವಾದದ್ದು ಭಾಗಮಂಡಲ. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತಾ ಸೇರುತ್ತವೆ, ಸುಜ್ಯೋತಿ ಕಾಣದೆ ಸೇರುತ್ತಾಳೆ ಅನ್ನುತ್ತಾರೆ. ಸಂಗಮದ ಮೆಟ್ಟಿಲ ಮೇಲೆ ಬೆಳಿಗ್ಗೆ ಕೂತರೆ ಆ ಕಾಣದ ಹೊಳೆಯ ಬಗ್ಗೆಯೇ ಯೋಚನೆ ಬರುತ್ತದೆ.

ಊರಿನ ದೇವರಕಾಡನ್ನೂ ಮರೆಯಬೇಡಿ. ಜಿಲ್ಲೆಯಲ್ಲಿ ಸುಮಾರು 1,200 ದೇವರಕಾಡುಗಳಿವೆ, ನಿಮ್ಮ ಮನೆಗೂ ಯಾವುದೋ ಒಂದು ಹತ್ತಿರವೇ ಇರುತ್ತದೆ. ಅಲ್ಲಿ ಕಟ್ಟಳೆ ಇರುತ್ತದೆ, ಊರಿನ ಹಿರಿಯರನ್ನು ಕೇಳಿಕೊಂಡು ಹೋಗಿ. ಕಡ್ಡಿ ಮುರಿಯಬೇಡಿ. ಮಳೆಗಾಲದಲ್ಲಿ ಜಿಗಣೆ ಇರುತ್ತದೆ, ಅದು ಯಾರ ಧ್ಯಾನಕ್ಕೂ ಕಾಯಲ್ಲ.

ಗುರು ಬೇಕಾ?

ನಾಮಜಪಕ್ಕೆ, ಪ್ರಾರ್ಥನೆಗೆ ಬೇಡ. ಗಟ್ಟಿ ಪ್ರಾಣಾಯಾಮಕ್ಕೆ, ದೀಕ್ಷೆ ಮಂತ್ರಕ್ಕೆ ಬೇಕು. ಹುಡುಕುವಾಗ ಹಳೆಯ ಜಾಗಗಳಿಗೆ ಮೊದಲು ಹೋಗಿ. ಪೊನ್ನಂಪೇಟೆಯ ರಾಮಕೃಷ್ಣ ಶಾರದಾಶ್ರಮ 1927ರಿಂದ ಇದೆ. ಅಲ್ಲಿ ಒಂದು ಸಂಜೆ ಆರತಿಗೆ ಕೂತು ಬನ್ನಿ. ನಿಮ್ಮ ಮಠ, ನಿಮ್ಮ ಚರ್ಚು, ನಿಮ್ಮ ಮಸೀದಿ ಇದ್ದರೆ ಅಲ್ಲಿನ ಹಿರಿಯರನ್ನು ಕೇಳಿ. ಯಾರಾದರೂ ಮನೆಯವರಿಂದ ದೂರ ಇರು ಅಂದರೆ, ಗುಟ್ಟು ಮಾಡು ಅಂದರೆ, ತೋಟದ ಪತ್ರ ಕೇಳಿದರೆ, ಚಪ್ಪಲಿ ಹಾಕಿಕೊಂಡು ಹೊರಟುಬನ್ನಿ.

ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ನಲ್ಲಿ ತುಂಬಾ ಶಾಂತಿ ಸಿಕ್ಕಿತು. ಅವರ ದಾರಿ ಹಿಡಿಯಬಹುದಾ?

ಕುಶಾಲನಗರದಿಂದ ಹೊಳೆ ದಾಟಿದರೆ ಆಯಿತು, ಜಿಲ್ಲೆ ಬದಲಾದರೂ ನಮಗೆಲ್ಲ ಅದು ಪಕ್ಕದ ಮನೆ. ಟಿಬೆಟ್‌ನ ಬೌದ್ಧ ಗುರು ಪೆನೋರ್ ರಿನ್‌ಪೋಚೆ 1963ರಲ್ಲಿ ಆ ನಮ್‌ಡ್ರೋಲಿಂಗ್ ಮಠ ಶುರು ಮಾಡಿದಾಗ ಅದು ಟಿಬೆಟ್ ಬಿಟ್ಟು ಬಂದವರ ಜಾಗ. ಆ ಮೂರು ಚಿನ್ನದ ಬಣ್ಣದ ವಿಗ್ರಹಗಳ ಮುಂದೆ ಹೆಚ್ಚಿನವರು ಫೋಟೋ ತೆಗೆದು ಹೊರಡುತ್ತಾರೆ. ಭಿಕ್ಷುಗಳು ಮಂತ್ರ ಹೇಳುವ ಹೊತ್ತಿಗೆ ಹೋಗಿ ಗೋಡೆ ಪಕ್ಕ ಕೂತುಕೊಳ್ಳಿ. ಅವರ ಕರುಣೆಯ ಅಭ್ಯಾಸ ನನಗೆ ತುಂಬಾ ಹಿಡಿಸಿದೆ: ಮೊದಲು ಹತ್ತಿರದವರಿಗೆ ಒಳ್ಳೆಯದಾಗಲಿ ಅನ್ನುವುದು, ಆಮೇಲೆ ಗುರುತಿಲ್ಲದವರಿಗೆ, ಕೊನೆಗೆ ಆಗದವರಿಗೆ. ನಾದಿನಿಗೋಸ್ಕರ ನಾನೂ ಮಾಡುತ್ತಿದ್ದೇನೆ. ಸದ್ಯಕ್ಕೆ ಫೋನ್ ಎತ್ತುವಷ್ಟಾಗಿದೆ.

ಅವರಲ್ಲಿ ದೇವರ ಕಲ್ಪನೆ ನಮ್ಮ ಹಾಗಲ್ಲ. ಎಲ್ಲ ಒಂದೇ ಅಂತ ಕಲಸಿಬಿಡಬೇಡಿ. ಆ ದಾರಿ ನಿಮ್ಮದು ಅನಿಸಿದರೆ ಸರಿಯಾಗಿ ಕಲಿತು ಹೋಗಿ.

ಮುಟ್ಟಿನ ದಿನಗಳಲ್ಲಿ ಜಪ ಮಾಡಬಹುದಾ?

ಮಾಡಬಹುದು. ಶರಣರು 12ನೇ ಶತಮಾನದಲ್ಲೇ ಮುಟ್ಟಿನ ಸೂತಕ ಒಪ್ಪಲಿಲ್ಲ, ಲಿಂಗ ಕಟ್ಟಿದ ಮೈಗೆ ಸೂತಕ ಎಲ್ಲಿಯದು ಅಂದರು. ನಿಮ್ಮ ಮನೆಯಲ್ಲಿ ದೇವರ ಗೂಡು ಮುಟ್ಟುವ ಹಾಗಿಲ್ಲ ಅಂದರೆ ಜಗಳ ಬೇಡ, ಹಾಸಿಗೆ ಮೇಲೆ ಕೂತು ಮನಸ್ಸಿನಲ್ಲೇ ಹೇಳಿಕೊಳ್ಳಿ. ಹೊಟ್ಟೆನೋವಿದ್ದರೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ.

ಕೂತಾಗ ಬೆಳಕು ಕಂಡಿತು. ಇನ್ನೊಂದು ದಿನ ಸುಮ್ನೆ ಅಳು ಬಂತು. ಇದು ಒಳ್ಳೆಯದಾ?

ಬೆಳಕು ಕಂಡರೆ ಕಾಣಲಿ. ಊರಿಗೆಲ್ಲ ಹೇಳಿಕೊಂಡು ಬರಬೇಡಿ, ನಾಳೆ ಕಾಣದಿದ್ದರೆ ಬೇಜಾರಾಗುತ್ತದೆ. ಅಳು ಬಂದರೆ ಅಳಿ, ಕಣ್ಣು ಒರೆಸಿಕೊಂಡು ಜಪ ಮುಂದುವರಿಸಿ. ಎಷ್ಟೋ ವರ್ಷ ಅಡುಗೆಮನೆ ಹೊಗೆ ನೆಪದಲ್ಲಿ ನುಂಗಿದ್ದು ಅಲ್ಲಿ ಬರುತ್ತದೆ.

ಎರಡು ವರ್ಷ ಆಯ್ತು. ಈಗ ಏನೂ ಅನಿಸುತ್ತಿಲ್ಲ. ಒಣಗಿ ಹೋಗಿದೆ.

ಕಾಫಿ ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ. ಫೆಬ್ರವರಿ, ಮಾರ್ಚಿನಲ್ಲಿ ಗಿಡ ನೋಡಿದರೆ ಎಲೆ ಬಾಡಿ ಜೋತುಬಿದ್ದಿರುತ್ತದೆ. ಮೊಗ್ಗು ಕಡ್ಡಿಯ ಗೆಣ್ಣಲ್ಲಿ ಮಲಗಿರುತ್ತದೆ. ಆ ಒಣಗು ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಹದಕ್ಕೆ ಬರಲ್ಲ. ಆಮೇಲೆ ಒಂದು ಹೂಮಳೆ ಬೀಳುತ್ತದೆ, ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ. ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ. ನೀರಿನ ಅನುಕೂಲ ಇದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ ಅಂತ ನಮ್ಮ ಗುಂಪಿನ ಒಬ್ಬರು ತಮಾಷೆ ಮಾಡಿದರು. ಅದೂ ಸರಿಯೇ. ಭಜನೆಗೆ ಬನ್ನಿ, ನಾಲ್ಕು ಜನರ ಜೊತೆ ಹಾಡಿ, ಒಂದು ಯಾತ್ರೆ ಮಾಡಿ. ಹೊತ್ತು ಮಾತ್ರ ತಪ್ಪಿಸಬೇಡಿ.

2018ರಲ್ಲಿ ಮನೆ, ತೋಟ ಎಲ್ಲ ಗುಡ್ಡದ ಜೊತೆ ಹೋಯಿತು. ಇಂಥ ದೇವರನ್ನು ಹೇಗೆ ಪ್ರೀತಿಸಲಿ?

ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಾವು ಕಣ್ಣಾರೆ ನೋಡಿದವರು. ನಮ್ಮ ಜಗಲಿಗೆ ಬರುತ್ತಿದ್ದ ಒಬ್ಬರು ಪರಿಹಾರ ಕೇಂದ್ರದಲ್ಲಿ ತಿಂಗಳುಗಟ್ಟಲೆ ಇದ್ದರು. ಅವರು ಇದೇ ಪ್ರಶ್ನೆ ಕೇಳಿದಾಗ ನಾನು ಕರ್ಮ, ಪರೀಕ್ಷೆ ಅಂತೆಲ್ಲ ಏನೋ ಹೇಳಲು ಹೋದೆ. ಅವರು ಎದ್ದು ಹೋದರು. ಸರಿಯಾಗಿಯೇ ಮಾಡಿದರು. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಒಂದು ವರ್ಷದ ಮೇಲೆ ಅವರೇ ಬಂದರು. ಜಪ ಮಾಡಲಿಲ್ಲ. ದೇವರಿಗೆ ದಿನಾ ಬೈಯುತ್ತೀನಿ ಅಂದರು. ನಮ್ಮತ್ತೆ ಇನ್ನೂ ಇದ್ದರು ಆಗ. ‘ಬೈಯಪ್ಪ, ಬೇರೆ ಯಾರಿಗೆ ಬೈತೀಯ’ ಅಂದು ಕಾಫಿ ಲೋಟ ಕೈಗಿಟ್ಟರು. ಅದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿ ಇಲ್ಲ. ಬೈಯುವುದೂ ಮಾತಾಡಿದ ಹಾಗೇ, ಮಾತು ಬಿಡಬೇಡಿ. ಮಳೆ ಜೋರಾದ ರಾತ್ರಿ ನಿದ್ದೆ ಬರದಿದ್ದರೆ ಒಬ್ಬರೇ ಕೂರಬೇಡಿ, ಯಾರನ್ನಾದರೂ ಎಬ್ಬಿಸಿ.

ಧ್ಯಾನ ಮಾಡಿದರೆ ಖಿನ್ನತೆ ಹೋಗುತ್ತದಾ? ಮಾತ್ರೆ ಬಿಡಬಹುದಾ?

ಮಾತ್ರೆ ಬಿಡಬೇಡಿ. ಡಾಕ್ಟರ್ ಹೇಳದೆ ಒಂದು ಗುಳಿಗೆಯನ್ನೂ ಕಮ್ಮಿ ಮಾಡಬೇಡಿ. ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಗಾಬರಿ ಜಾಸ್ತಿಯೂ ಆಗುತ್ತದೆ, ಅಂಥವರು ನಡೆಯುತ್ತಾ ಜಪ ಮಾಡಲಿ, ಹಾಡಲಿ. ಬದುಕೇ ಬೇಡ ಅನಿಸಿದರೆ ಆ ಕ್ಷಣ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಜಪ ಶುರು ಮಾಡಿದ ಮೇಲೆ ಸಿಟ್ಟು ಜಾಸ್ತಿ ಆಗಿದೆ ಅಂತ ಮನೆಯವರು ನಗುತ್ತಾರೆ.

ನಮ್ಮ ಯಜಮಾನರೂ ನಗುತ್ತಿದ್ದರು. ‘ದೇವರ ಹತ್ತಿರ ಅಷ್ಟು ಮೆತ್ತಗೆ ಮಾತಾಡ್ತೀಯ, ನನ್ನ ಹತ್ತಿರ ಯಾಕಿಲ್ಲ?’ ಅಂತ. ಬೇಜಾರಾಯಿತು, ಆದರೆ ಮಾತು ನಿಜ. ಕೂತಾಗ ಕುಕ್ಕರ್ ಕೂಗಿದರೆ, ಮಗು ಬಂದು ಸೆರಗು ಎಳೆದರೆ ಸಿಡಿಯುತ್ತಿದ್ದೆ. ನನ್ನ ಶಾಂತಿ ಕೆಡಿಸಿದರು ಅಂತ. ಈಗ ಮೊಮ್ಮಗಳು ಬಂದರೆ ತೊಡೆ ಮೇಲೆ ಕೂರಿಸಿಕೊಂಡು ಮಾಲೆಯ ಒಂದು ತುದಿ ಅವಳ ಕೈಗೆ ಕೊಡುತ್ತೇನೆ. ಎಣಿಕೆ ತಪ್ಪುತ್ತದೆ.

ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲ, ಎಲ್ಲ ತೇವ, ದೀಪವೂ ಹತ್ತಲ್ಲ, ಮನಸ್ಸೂ ಹತ್ತಲ್ಲ. ಏನು ಮಾಡಲಿ?

ಬೆಂಕಿಪೊಟ್ಟಣವನ್ನು ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಇಡಿ. ಬತ್ತಿಯನ್ನು ಬೇಸಿಗೆಯಲ್ಲೇ ಹೊಸೆದು ಒಲೆ ಮೇಲಿನ ಅಟ್ಟದಲ್ಲಿ ಇಟ್ಟುಕೊಳ್ಳಿ. ನಮ್ಮತ್ತೆ ಹೊಸೆದಿಟ್ಟ ಒಂದು ಡಬ್ಬಿ ಇನ್ನೂ ಇದೆ, ತುಂಬಾ ಮಳೆ ಹಿಡಿದ ಸಂಜೆ ಮಾತ್ರ ಅದರಿಂದ ಒಂದು ತೆಗೆಯುತ್ತೇನೆ.